ಮೂರು ವಿಶ್ವಕಪ್ ಆಡಿದರೂ ಒಂದೂ ಗೆಲುವು ಕಾಣದ ಮನುಷ್ಯ

ಅಮೆರಿಕದಲ್ಲಿ ನಡೆದ 1994ರ ಫುಟ್‌ಬಾಲ್ ವಿಶ್ವಕಪ್ ಅಂದರೆ ನನ್ನ ವಯಸ್ಸಿನವರಿಗೆ ಮೂರ್ನಾಲ್ಕು ದೃಶ್ಯಗಳು ಕಣ್ಣ ಮುಂದೆ ಬರುತ್ತವೆ. ಫೈನಲ್‌ನಲ್ಲಿ ಇಟಲಿಯ ಬಾಜ್ಜೊ ಪೆನಾಲ್ಟಿಯನ್ನು ಗೋಲಿನ ಮೇಲಿಂದ ಹೊರಗೆ ಹೊಡೆದು ತಲೆ ತಗ್ಗಿಸಿ ನಿಂತದ್ದು. ಮರಡೋನಾ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಮನೆಗೆ ಹೋದದ್ದು. ಮತ್ತೆ ಲೆಚ್ಕೊವ್. ಬಲ್ಗೇರಿಯದ ಯೊರ್ದಾನ್ ಲೆಚ್ಕೊವ್ ಜರ್ಮನಿಯ ಗೋಲಿನ ಮುಂದೆ ಮುಂದಕ್ಕೆ ಹಾರಿ ತಲೆಯಿಂದ ಹೊಡೆದ ಆ ಗೋಲು.

ಆ ಪಂದ್ಯ ನಮ್ಮಲ್ಲಿ ರಾತ್ರಿ ಒಂಬತ್ತೂವರೆಗೆ ಶುರುವಾಗಿತ್ತು. ನಾನಾಗ ಪಿಯುಸಿಯಲ್ಲಿದ್ದೆ. ಜರ್ಮನಿ ಹಿಂದಿನ ಸಲದ ಚಾಂಪಿಯನ್, ಗೆದ್ದೇ ಗೆಲ್ಲುತ್ತದೆ ಅಂತ ಎಲ್ಲರೂ ಊಟ ಮಾಡುತ್ತಲೇ ಮಾತಾಡಿಕೊಂಡಿದ್ದರು. 47ನೇ ನಿಮಿಷದಲ್ಲಿ ಜರ್ಮನಿಯ ಮಾಥೆಯುಸ್ ಪೆನಾಲ್ಟಿ ಹೊಡೆದಾಗ ಮುಗಿಯಿತು ಅಂದುಕೊಂಡೆವು. 75ನೇ ನಿಮಿಷದಲ್ಲಿ ಬಲ್ಗೇರಿಯದ ಸ್ತೊಯಿಚ್ಕೊವ್ ಫ್ರೀ ಕಿಕ್ಕನ್ನು ಗೋಡೆಯ ಮೇಲಿಂದ ಬಳುಕಿಸಿ ಒಳಗೆ ಹಾಕಿದ. ಮೂರು ನಿಮಿಷ ಬಿಟ್ಟು ಬಲಗಡೆಯಿಂದ ಯಾಂಕೊವ್ ಕ್ರಾಸ್ ಕಳಿಸಿದ, ಲೆಚ್ಕೊವ್ ಹಾರಿದ. ಅವನು ದುಡಿಯುತ್ತಿದ್ದದ್ದು ಜರ್ಮನಿಯದೇ ಕ್ಲಬ್ಬಿನಲ್ಲಿ, ಹ್ಯಾಂಬರ್ಗಿನಲ್ಲಿ. ಅದು ಜುಲೈ 10.

ಆ ರಾತ್ರಿ ನನಗೆ ಆಟಗಾರರೆಲ್ಲ ಕಂಡರು, ಬೆಂಚಿನ ಮೇಲಿದ್ದವರು ಕಾಣಲಿಲ್ಲ. ಎಷ್ಟೋ ವರ್ಷ ಆದ ಮೇಲೆ, ಆ ದಿನ ಬಲ್ಗೇರಿಯದ ಕೋಚ್ ಆಗಿದ್ದ ದಿಮಿತರ್ ಪೆನೆವ್ ಅನ್ನುವ ಹೆಸರಿನ ಹಿಂದೆ ಬಿದ್ದೆ. ಅವರ ಕಥೆ ಓದುತ್ತಾ ಹೋದ ಹಾಗೆ ಆ ಗೆಲುವಿನ ಬಣ್ಣವೇ ಬೇರೆಯಾಯಿತು. ಜುಲೈ 10ಕ್ಕೆ ಇಪ್ಪತ್ತೆಂಟು ವರ್ಷ ಹಿಂದಿನಿಂದ ಅವರು ಅದಕ್ಕಾಗಿ ಕಾಯುತ್ತಿದ್ದರು ಅಂತ ನನಗೆ ಈಗ ಅನಿಸುತ್ತದೆ.

ಲೆಕ್ಕ ನೋಡಿ. ಪೆನೆವ್ ಹುಟ್ಟಿದ್ದು 1945ರ ಜುಲೈ 12ರಂದು, ಸೋಫಿಯಾ ಪಕ್ಕದ ಮಿರೊವ್ಯಾನೆ ಅನ್ನುವ ಹಳ್ಳಿಯಲ್ಲಿ. 1966ರ ಜುಲೈ 12ರಂದು, ಇಪ್ಪತ್ತೊಂದು ತುಂಬಿದ ದಿನ, ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಬಲ್ಗೇರಿಯ ವಿಶ್ವಕಪ್ಪಿನ ಮೊದಲ ಪಂದ್ಯಕ್ಕಿಳಿಯಿತು. ಎದುರಿಗಿದ್ದದ್ದು ಬ್ರೆಜಿಲ್. ಪೆಲೆ ಒಂದು ಫ್ರೀ ಕಿಕ್ ಹೊಡೆದರು, ಗಾರಿಂಚಾ ಒಂದು ಫ್ರೀ ಕಿಕ್ ಹೊಡೆದರು, 2-0. ಆ ಇಬ್ಬರು ಬ್ರೆಜಿಲ್ ಪರವಾಗಿ ಜೊತೆಯಾಗಿ ಆಡಿದ್ದು ಅದೇ ಕೊನೆ. ಇಪ್ಪತ್ತೊಂದರ ಹುಡುಗನೊಬ್ಬ ಹುಟ್ಟಿದ ದಿನ ಡಿಫೆನ್ಸಿನಲ್ಲಿ ನಿಂತು ಅದನ್ನು ಅನುಭವಿಸಿದ. ಮುಂದೆ ಪೋರ್ಚುಗಲ್ ಎದುರು 0-3, ಹಂಗೆರಿ ಎದುರು 1-3. ಮೂರಕ್ಕೆ ಮೂರೂ ಸೋಲು. ತಂಡ ಹೊಡೆದ ಒಂದೇ ಗೋಲು ಗೆಯೊರ್ಗಿ ಅಸ್ಪಾರುಹೊವ್ ಅವರದು. ಬಲ್ಗೇರಿಯದ ಜನ ಇವತ್ತಿಗೂ ಪ್ರೀತಿಯಿಂದ ಗುಂಡಿ ಅಂತ ಕರೆಯುವ ಆಟಗಾರ. 1971ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು.

1970ರಲ್ಲಿ ಮೆಕ್ಸಿಕೊ. ಪೆರು ಎದುರು ಬಲ್ಗೇರಿಯ 2-0 ಮುಂದಿತ್ತು. ಎರಡು ದಿನ ಹಿಂದಷ್ಟೇ ಪೆರುವಿನಲ್ಲಿ ಭಯಂಕರ ಭೂಕಂಪವಾಗಿ ಸಾವಿರಾರು ಜನ ಸತ್ತಿದ್ದರು, ಆ ಆಟಗಾರರು ಏನನ್ನು ಹೊತ್ತುಕೊಂಡು ಆಡಿದರೋ, 3-2ಕ್ಕೆ ಗೆದ್ದರು. ಆಮೇಲೆ ಪಶ್ಚಿಮ ಜರ್ಮನಿ ಎದುರು 2-5, ಮೊರೊಕ್ಕೊ ಜೊತೆ 1-1. 1974ರಲ್ಲಿ ಸ್ವೀಡನ್ ಜೊತೆ, ಉರುಗ್ವೆ ಜೊತೆ ಡ್ರಾ, ನೆದರ್ಲೆಂಡ್ಸ್ ಎದುರು 1-4. ಮೂರು ವಿಶ್ವಕಪ್, ಒಂಬತ್ತು ಪಂದ್ಯ, ಮೂರು ಡ್ರಾ, ಆರು ಸೋಲು. ಪೆನೆವ್ ದೇಶಕ್ಕಾಗಿ 90 ಪಂದ್ಯ ಆಡಿದರು. ಎರಡು ಸಲ, 1967 ಮತ್ತು 1971ರಲ್ಲಿ, ದೇಶದ ವರ್ಷದ ಆಟಗಾರ ಅನಿಸಿಕೊಂಡರು. ವಿಶ್ವಕಪ್ಪಿನಲ್ಲಿ ಮಾತ್ರ ಗೆಲುವು ಅಂದರೆ ಏನು ಅಂತ ಕಾಣಲೇ ಇಲ್ಲ.

ಹಾಗಂತ ಅವರು ಸೋತು ಅಭ್ಯಾಸವಾದವರಲ್ಲ. ಸೋಫಿಯಾದಲ್ಲಿ ಅವರು ಗೆದ್ದೇ ಗೆದ್ದರು. 1964ರಲ್ಲಿ ಲೊಕೊಮೊತಿವ್ ಸೋಫಿಯಾ ಜೊತೆ ಲೀಗ್ ಗೆದ್ದು ಅದೇ ವರ್ಷ ಸಿಎಸ್‌ಕೆಎಗೆ ಬಂದರು. ಅದು ಸೈನ್ಯದ ಕ್ಲಬ್. ಅಲ್ಲಿ 1977ರವರೆಗೆ ಹದಿಮೂರು ವರ್ಷ, ಏಳು ಲೀಗ್. 1967ರಲ್ಲಿ, ಯುರೋಪಿನ ಚಾಂಪಿಯನ್ ಕ್ಲಬ್ಬುಗಳು ಆಡುತ್ತಿದ್ದ ಯುರೋಪಿಯನ್ ಕಪ್ಪಿನ ಸೆಮಿಫೈನಲ್‌ನಲ್ಲಿ ಇಂಟರ್ ಮಿಲಾನನ್ನು ಎರಡು ಸಲ 1-1ಕ್ಕೆ ಹಿಡಿದು ನಿಲ್ಲಿಸಿ, ಮೂರನೇ ಪಂದ್ಯದಲ್ಲಿ ಒಂದೇ ಒಂದು ಗೋಲಿನಿಂದ ಸೋತರು. 1973ರಲ್ಲಿ, ಸತತ ಮೂರು ವರ್ಷ ಯುರೋಪ್ ಗೆದ್ದಿದ್ದ ಆಯಾಕ್ಸ್ ತಂಡವನ್ನು ಸೋಫಿಯಾಗೆ ಕರೆಸಿ 2-0 ಹೊಡೆದು ಮನೆಗೆ ಕಳಿಸಿದರು. ಇದು ಆ ಊರಿನವರು ಮೊಮ್ಮಕ್ಕಳಿಗೆ ಹೇಳುವ ಕಥೆ.

ಆದರೆ ಇವೆಲ್ಲ ನಡೆದದ್ದು ಬೇಲಿಯ ಒಳಗೆ. ಕಮ್ಯುನಿಸ್ಟ್ ಸರ್ಕಾರ ಇದ್ದಾಗ ಬಲ್ಗೇರಿಯದ ಆಟಗಾರ ಒಳ್ಳೆಯ ವಯಸ್ಸಿನಲ್ಲಿ ಹೊರದೇಶದ ಕ್ಲಬ್ಬಿಗೆ ಹೋಗುವ ಹಾಗೆಯೇ ಇರಲಿಲ್ಲ. ಮುಂದೆ 28 ವರ್ಷ ದಾಟಿದವರು ಹೋಗಬಹುದು ಅಂತಾಯಿತು. 28 ಅಂದರೆ ಕಾಲು ಸೋಲಲು ಶುರುವಾಗುವ ವಯಸ್ಸು. ಪೆನೆವ್ ಆಟವೆಲ್ಲ ಸೋಫಿಯಾದಲ್ಲೇ ಮುಗಿಯಿತು. ಅವರ ಪೀಳಿಗೆಗೆ ಹೊರಗಿನ ದೊಡ್ಡ ಆಟ ಅಂದರೆ ನಾಲ್ಕು ವರ್ಷಕ್ಕೊಮ್ಮೆ ಬರುವ ವಿಶ್ವಕಪ್, ಯಾವಾಗಲೋ ಬರುವ ಯುರೋಪಿಯನ್ ಕಪ್ಪು. ಅಷ್ಟೇ. ಅಲ್ಲಿ ಹೋಗಿ ನಿಂತಾಗ ಕಾಲು ಬಿಗಿಯುವುದು ಸಹಜ ಅಲ್ವಾ? ಇದನ್ನು ನಾನು ಪೆನೆವ್ ಕಥೆಯ ನಡುಗಂಬ ಅಂತ ಇಟ್ಟುಕೊಂಡಿದ್ದೇನೆ. ಆ ಬಿಗಿತ ಏನು ಅಂತ ಅವರಿಗೆ ಮೈಯಲ್ಲಿ ಗೊತ್ತಿತ್ತು.

ಕೋಚ್ ಆಗಿ ಅವರಿಗೆ ದೊಡ್ಡ ಕೆಲಸ ಸಿಕ್ಕಿದ್ದು ಒಂದು ಹೊಡೆದಾಟದ ಬೆನ್ನಿಗೆ. 1985ರ ಜೂನ್ 19ರಂದು ಸಿಎಸ್‌ಕೆಎ ಮತ್ತು ಲೆವ್ಸ್ಕಿ ಕಪ್ ಫೈನಲ್ ಆಡಿದವು. ಆ ಎರಡು ಕ್ಲಬ್ಬುಗಳ ಹಗೆ ಇಡೀ ದೇಶವನ್ನು ಎರಡು ಪಾಲು ಮಾಡಿದ ಹಗೆ. ಪಂದ್ಯದಲ್ಲಿ ಆಟಗಾರರು ಕೈಕೈ ಮಿಲಾಯಿಸಿದರು. ಸರ್ಕಾರ ಎರಡೂ ಕ್ಲಬ್ಬುಗಳನ್ನು ವಿಸರ್ಜಿಸಿ ಹೊಸ ಹೆಸರಿಟ್ಟಿತು, ಸಿಎಸ್‌ಕೆಎ ಹೋಗಿ ಸ್ರೆದೆತ್ಸ್ ಆಯಿತು. ಕೆಲವರಿಗೆ ಆಜೀವ ನಿಷೇಧ. ಅವರಲ್ಲಿ ಲೆವ್ಸ್ಕಿಯ ಗೋಲ್‌ಕೀಪರ್ ಬೊರಿಸ್ಲಾವ್ ಮಿಹಾಯ್ಲೊವ್ ಇದ್ದ, ಸಿಎಸ್‌ಕೆಎಯ ಹತ್ತೊಂಬತ್ತು ವರ್ಷದ ಹುಡುಗ ಹ್ರಿಸ್ತೊ ಸ್ತೊಯಿಚ್ಕೊವ್ ಇದ್ದ. ನಿಷೇಧ ಆಮೇಲೆ ಸಡಿಲವಾಯಿತು. ಹೆಸರೂ ಕಳೆದುಕೊಂಡು ಮರ್ಯಾದೆಯೂ ಹೋದ ಆ ಕ್ಲಬ್ಬನ್ನು ಪೆನೆವ್ ಕೈಗೆ ಕೊಟ್ಟರು.

ಐದು ವರ್ಷದಲ್ಲಿ ಮೂರು ಲೀಗ್: 1987, 1989, 1990. ಅದಕ್ಕಿಂತ ಮುಖ್ಯ ಅಂತ ನನಗನಿಸುವುದು ಅವರ ಕೈಕೆಳಗೆ ಬೆಳೆದ ಹುಡುಗರು. ಸ್ತೊಯಿಚ್ಕೊವ್, ಎಮಿಲ್ ಕೊಸ್ತಾದಿನೊವ್, ಮತ್ತೆ ಲ್ಯೂಬೊಸ್ಲಾವ್ ಪೆನೆವ್. ಈ ಮೂರನೆಯವನು ದಿಮಿತರ್ ಅವರ ಸಹೋದರನ ಮಗ. (ಬಲ್ಗೇರಿಯನ್ ಭಾಷೆಯಲ್ಲೂ ನಮ್ಮ ಹಾಗೆಯೇ ಅಪ್ಪನ ಕಡೆಯ ಚಿಕ್ಕಪ್ಪನಿಗೆ ಒಂದು ಪದ, ಅಮ್ಮನ ಕಡೆಯ ಸೋದರಮಾವನಿಗೆ ಇನ್ನೊಂದು ಪದ ಇದೆ. ಚಿಚೊ, ವುಯ್ಚೊ. ಎಲ್ಲರನ್ನೂ ಒಂದೇ ಪದಕ್ಕೆ ತುರುಕುವುದಿಲ್ಲ. ತಿಳಿದಾಗ ನನಗೆ ತುಂಬಾ ಖುಷಿಯಾಯಿತು.)

1989ರಲ್ಲಿ ಈ ತಂಡ, ಯುರೋಪಿನ ಬೇರೆ ಬೇರೆ ದೇಶಗಳ ಕಪ್ ಗೆದ್ದ ಕ್ಲಬ್ಬುಗಳು ಆಡುತ್ತಿದ್ದ ಕಪ್ ವಿನ್ನರ್ಸ್ ಕಪ್ಪಿನ ಸೆಮಿಫೈನಲ್ ತಲುಪಿತು. ಎದುರಿಗೆ ಕ್ರೈಫ್ ಕೋಚ್ ಆಗಿದ್ದ ಬಾರ್ಸಿಲೋನಾ. ಅಲ್ಲಿ 2-4, ಇಲ್ಲಿ 1-2, ಸೋಲು. ಆದರೆ ಸೋತ ತಂಡದ ಮೂರೂ ಗೋಲು ಸ್ತೊಯಿಚ್ಕೊವ್ ಹೊಡೆದಿದ್ದ. ಕ್ರೈಫ್ ಕಣ್ಣಿಗೆ ಬಿದ್ದ, 1990ರಲ್ಲಿ ಬಾರ್ಸಿಲೋನಾಗೆ ಹೋದ. ಅಷ್ಟರಲ್ಲಿ, 1989ರ ನವೆಂಬರ್‌ನಲ್ಲಿ, ಹಳೆಯ ಸರ್ಕಾರವೇ ಬಿದ್ದುಹೋಗಿತ್ತು. ಬೇಲಿ ತೆರೆಯಿತು. ಲ್ಯೂಬೊಸ್ಲಾವ್ ಅದಕ್ಕೂ ಸ್ವಲ್ಪ ಮೊದಲೇ ವೆಲೆನ್ಸಿಯಾಗೆ ಹೋಗಿದ್ದ, ಆಮೇಲೆ ಕೊಸ್ತಾದಿನೊವ್ ಪೋರ್ಟೊಗೆ, ಇನ್ನೊಬ್ಬ ಆಟಗಾರ ಬಲಾಕೊವ್ ಲಿಸ್ಬನ್ನಿನ ಸ್ಪೋರ್ಟಿಂಗಿಗೆ. ಪೆನೆವ್ ಪೀಳಿಗೆಗೆ ಸಿಗದೇ ಹೋದದ್ದು ಇವರಿಗೆ ಇಪ್ಪತ್ತು ದಾಟಿದ ಹೊತ್ತಿಗೇ ಸಿಕ್ಕಿತು. 1991ರಲ್ಲಿ ಪೆನೆವ್ ರಾಷ್ಟ್ರೀಯ ತಂಡದ ಕೋಚ್ ಆದಾಗ ಆಟಗಾರರನ್ನು ಯುರೋಪಿನ ನಾಲ್ಕು ಮೂಲೆಯಿಂದ ಕರೆಸಬೇಕಿತ್ತು.

ಪ್ಯಾರಿಸ್ ರಾತ್ರಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 1993ರ ನವೆಂಬರ್ 17. ವಿಶ್ವಕಪ್ ಅರ್ಹತೆಯ ಕೊನೆ ಪಂದ್ಯ. ಫ್ರಾನ್ಸಿಗೆ ಡ್ರಾ ಸಾಕು. ತಿಂಗಳ ಹಿಂದೆ ಅವರು ತಮ್ಮದೇ ನೆಲದಲ್ಲಿ ಇಸ್ರೇಲ್ ಎದುರು ಸೋತಿದ್ದರಿಂದ ಮಾತ್ರ ಈ ಪಂದ್ಯಕ್ಕೆ ಬೆಲೆ ಬಂದಿತ್ತು. ಕೊಸ್ತಾದಿನೊವ್ ಮತ್ತು ಲ್ಯೂಬೊಸ್ಲಾವ್ ಇಬ್ಬರಿಗೂ ಫ್ರಾನ್ಸಿನ ವೀಸಾ ಇರಲಿಲ್ಲವಂತೆ. ಮಿಹಾಯ್ಲೊವ್ ಆಗ ಫ್ರಾನ್ಸಿನ ಮುಲೂಜ್ ಊರಿನ ಕ್ಲಬ್ಬಿನಲ್ಲಿ ಆಡುತ್ತಿದ್ದ, ಜರ್ಮನಿ ಗಡಿಗೆ ಹತ್ತಿರದ ಊರು. ಕಾವಲು ಕಮ್ಮಿ ಇರುವ ಕಡೆ ನೋಡಿ ಕಾರಿನಲ್ಲಿ ಗಡಿ ದಾಟಿದರು ಅಂತ ಆಟಗಾರರೇ ಮುಂದೆ ಹೇಳಿಕೊಂಡಿದ್ದಾರೆ. 1985ರಲ್ಲಿ ಎದುರುಬದುರು ನಿಂತು ಹೊಡೆದಾಡಿದ ಕ್ಲಬ್ಬುಗಳ ಹುಡುಗರು ಇವರು, ನೆನಪಿರಲಿ. ಎಂಟು ವರ್ಷ ಆದ ಮೇಲೆ ಲೆವ್ಸ್ಕಿಯ ಗೋಲ್‌ಕೀಪರ್ ಸಿಎಸ್‌ಕೆಎಯ ಹುಡುಗರನ್ನು ಗಡಿ ದಾಟಿಸಿದ.

ಫ್ರಾನ್ಸಿನ ಕಾಂತೊನಾ ಮೊದಲು ಹೊಡೆದ. ಕೊಸ್ತಾದಿನೊವ್ ತಲೆಯಿಂದ ಸಮ ಮಾಡಿದ. 1-1. ಆ ಸ್ಕೋರಿನಲ್ಲಿ ಫ್ರಾನ್ಸ್ ಅಮೆರಿಕಕ್ಕೆ ಹೋಗುತ್ತದೆ. ಕೊನೆಯ ನಿಮಿಷದಲ್ಲಿ ಫ್ರಾನ್ಸಿಗೆ ಬಲ್ಗೇರಿಯದ ಮೂಲೆಯ ಹತ್ತಿರ ಫ್ರೀ ಕಿಕ್ ಸಿಕ್ಕಿತು. ಸುಮ್ನೆ ಚೆಂಡನ್ನು ಅಲ್ಲೇ ಹಿಡಿದಿಟ್ಟುಕೊಂಡಿದ್ದರೆ ಮುಗಿದೇ ಹೋಗುತ್ತಿತ್ತು. ಜಿನೊಲಾ ಕ್ರಾಸ್ ಹೊಡೆದ, ಅದು ಎಲ್ಲರನ್ನೂ ದಾಟಿ ಆಚೆ ಹೋಯಿತು, ಬಲ್ಗೇರಿಯದ ಕ್ರೆಮೆನ್ಲಿಯೆವ್ ಚೆಂಡು ಎತ್ತಿಕೊಂಡು ಓಡಿದ, ಲ್ಯೂಬೊಸ್ಲಾವ್‌ಗೆ ಕೊಟ್ಟ, ಲ್ಯೂಬೊಸ್ಲಾವ್ ಡಿಫೆನ್ಸಿನ ಮೇಲಿಂದ ಕೊಸ್ತಾದಿನೊವ್ ಓಡುವ ದಾರಿಗೆ ಎತ್ತಿ ಹಾಕಿದ, ಕೊಸ್ತಾದಿನೊವ್ ಬಲಗಡೆಯಿಂದ ಕಿರಿದಾದ ಕೋನದಲ್ಲಿ ಹೊಡೆದ ಚೆಂಡು ಅಡ್ಡಪಟ್ಟಿಯ ಕೆಳಗೆ ಬಡಿದು ಒಳಗೆ ಹೋಯಿತು. ದೇವರು ಬಲ್ಗೇರಿಯದವನು ಅನ್ನುವ ಮಾತು ಆ ದೇಶದಲ್ಲಿ ಆ ರಾತ್ರಿಯ ಜೊತೆಗೇ ಉಳಿದಿದೆ.

ಎಲ್ಲರೂ ಕೊಸ್ತಾದಿನೊವ್ ಹೊಡೆತವನ್ನು ನೆನಪಿಡುತ್ತಾರೆ. ನಾನು ಆ ಪಾಸನ್ನು ಜಾಸ್ತಿ ಸಲ ನೋಡಿದ್ದೇನೆ. ಯಾಕೆಂದರೆ ಆ ಪಾಸ್ ಕೊಟ್ಟವನು ವಿಶ್ವಕಪ್ ಆಡಲೇ ಇಲ್ಲ. 1994ರ ಆರಂಭದಲ್ಲಿ ಲ್ಯೂಬೊಸ್ಲಾವ್‌ಗೆ ವೃಷಣದ ಕ್ಯಾನ್ಸರ್ ಇರುವುದು ಗೊತ್ತಾಯಿತು. ವಯಸ್ಸು ಇಪ್ಪತ್ತೇಳು. ಚಿಕಿತ್ಸೆ ನಡೆಯಿತು, ತಂಡ ಅಮೆರಿಕಕ್ಕೆ ಹೋಯಿತು. ತನ್ನ ಮೊದಲ ಸ್ಟ್ರೈಕರ್ ಇಲ್ಲದೆ ಕೋಚ್ ಹೊರಟರು ಅಂತ ಪತ್ರಿಕೆಗಳು ಬರೆದಿರಬಹುದು. ಮನೆಯ ಹುಡುಗನನ್ನು ಆಸ್ಪತ್ರೆಯಲ್ಲಿ ಬಿಟ್ಟು ಹೊರಟ ಮನುಷ್ಯನ ಮನಸ್ಸು ಹೇಗಿದ್ದಿರಬೇಕು ಅಂತ ನಾನು ಯೋಚಿಸುತ್ತೇನೆ.

ಅಲ್ಲಿಯವರೆಗೆ ಬಲ್ಗೇರಿಯ ಐದು ವಿಶ್ವಕಪ್ ಆಡಿತ್ತು. ಹದಿನಾರು ಪಂದ್ಯ. ಆರು ಡ್ರಾ, ಹತ್ತು ಸೋಲು, ಗೆಲುವು ಸೊನ್ನೆ. ಡಲ್ಲಾಸಿನಲ್ಲಿ ನೈಜೀರಿಯಾ ಎದುರು 0-3 ಸೋತು ಅದು ಹದಿನೇಳಾಯಿತು. ಅಲ್ಲಿಗೆ ಎಷ್ಟು ಜನ ಕೋಚುಗಳು ಹಗ್ಗ ಬಿಗಿ ಮಾಡುತ್ತಿದ್ದರು! ಪೆನೆವ್ ಶಿಬಿರದಿಂದ ಬಂದ ಸುದ್ದಿ ಬೇರೆಯೇ. ಈಜುಕೊಳದ ಬದಿಯಲ್ಲಿ ಆಟಗಾರರು ಕೂತಿರುತ್ತಾರೆ, ಬಿಯರ್ ಕುಡಿಯುತ್ತಾರೆ, ಸಿಗರೇಟು ಸೇದುತ್ತಾರೆ, ಇಸ್ಪೀಟು ಆಡುತ್ತಾರೆ. ವಿದೇಶಿ ವರದಿಗಾರರು ಬೆರಗಾದರು. ಶಿಸ್ತಿಲ್ಲದ ತಂಡ ಅಂದರು.

ನಾನು ಅದನ್ನು ಹಾಗೆ ಓದುವುದಿಲ್ಲ. ಸ್ತೊಯಿಚ್ಕೊವ್ ವರ್ಷವಿಡೀ ಕ್ರೈಫ್ ಕೈಕೆಳಗೆ ದುಡಿದು ಬಂದವನು. ಬಲಾಕೊವ್ ಮತ್ತು ಕೊಸ್ತಾದಿನೊವ್ ಇಬ್ಬರೂ ಇಂಗ್ಲಿಷ್ ಕೋಚ್ ಬಾಬಿ ರಾಬ್ಸನ್ ಗರಡಿಯವರು. ಇವರಿಗೆ ಓಡುವುದನ್ನು, ಎಲ್ಲಿ ನಿಲ್ಲಬೇಕು ಅನ್ನುವುದನ್ನು ಐದು ವಾರದಲ್ಲಿ ಹೊಸದಾಗಿ ಕಲಿಸುವುದು ಏನಿದೆ? ಪೆನೆವ್ ಅವರನ್ನು ಹುಡುಗರಾಗಿದ್ದಾಗಿನಿಂದ ನೋಡಿದ್ದರು. ಯಾರಿಗೆ ಸಿಟ್ಟು ಬರುತ್ತದೆ, ಯಾರನ್ನು ಮಾತಾಡಿಸಬಾರದು, ಯಾರು ರಾತ್ರಿ ನಿದ್ದೆ ಮಾಡುವುದಿಲ್ಲ, ಎಲ್ಲ ಗೊತ್ತಿತ್ತು. ಅವರಿಗೆ ಬೇಡವಾಗಿದ್ದದ್ದು ಒಂದೇ, 1966ರ ಬಿಗಿತ, 1970ರ ಬಿಗಿತ. ಎರಡು ಗೋಲು ಮುಂದಿದ್ದಾಗಲೂ ಗಂಟಲು ಒಣಗುವ ಆ ಸ್ಥಿತಿ. ಕೋಚ್ ಆಗಿ ಅವರು ಮಾಡಿದ ದೊಡ್ಡ ಕೆಲಸ ಆ ಬಿಗಿತವನ್ನು ಹುಡುಗರ ಹತ್ತಿರ ಸುಳಿಯದ ಹಾಗೆ ನೋಡಿಕೊಂಡದ್ದು. ಬಲ್ಗೇರಿಯದವರು ಅವರಿಗೆ ಸ್ತ್ರಾತೆಗಾ, ಅಂದರೆ ತಂತ್ರಗಾರ ಅಂತ ಅಡ್ಡಹೆಸರಿಟ್ಟರು. ನನ್ನ ಮಟ್ಟಿಗೆ ಅವರ ತಂತ್ರ ಕಪ್ಪುಹಲಗೆಯ ಮೇಲೆ ಬರೆಯುವ ತರಹದ್ದಲ್ಲ.

ಹದಿನೆಂಟನೇ ಪಂದ್ಯ. ಜೂನ್ 26, ಷಿಕಾಗೊ, ಗ್ರೀಸ್ ಎದುರು. 4-0. ದೇಶದ ಮೊದಲ ವಿಶ್ವಕಪ್ ಗೆಲುವು. ನಾಲ್ಕು ದಿನ ಬಿಟ್ಟು ಅರ್ಜೆಂಟೀನಾ ಎದುರು 2-0. ಮರಡೋನಾ ಅಮಾನತಾಗಿ ಅರ್ಜೆಂಟೀನಾ ಕಂಗಾಲಾಗಿದ್ದ ದಿನ ಅದು, ಅದೃಷ್ಟ ಇತ್ತು ಅನ್ನುವುದನ್ನು ಮುಚ್ಚಿಡಬಾರದು. ಮೆಕ್ಸಿಕೊ ಎದುರು 1-1, ನಡುವೆ ಆಟಗಾರನೊಬ್ಬ ಬಲೆಗೆ ಬಿದ್ದು ಗೋಲುಕಂಬವೇ ಕುಸಿದು ಬೇರೆ ತಂದು ನಿಲ್ಲಿಸಿದರು. ಪೆನಾಲ್ಟಿಯಲ್ಲಿ ಮೆಕ್ಸಿಕೊದ ಮೊದಲ ಮೂವರೂ ತಪ್ಪಿದರು, ಬಲ್ಗೇರಿಯ 3-1ಕ್ಕೆ ದಾಟಿತು. ಆಮೇಲೆ ನಾನು ನೋಡಿದ ಆ ಜರ್ಮನಿ ಪಂದ್ಯ.

ಸೆಮಿಫೈನಲ್ ಜುಲೈ 13ಕ್ಕೆ, ಇಟಲಿ ಎದುರು. ಪೆನೆವ್‌ಗೆ ನಲವತ್ತೊಂಬತ್ತು ತುಂಬಿದ ಮರುದಿನ. ಪೆಲೆ ಎದುರು ಸೋತ ಹುಟ್ಟುಹಬ್ಬಕ್ಕೆ ಸರಿಯಾಗಿ ಇಪ್ಪತ್ತೆಂಟು ವರ್ಷ, ಒಂದು ದಿನ. ನಮ್ಮಲ್ಲಿ ರಾತ್ರಿ ಒಂದೂವರೆ. ಬಾಜ್ಜೊ ನಾಲ್ಕು ನಿಮಿಷದಲ್ಲಿ ಎರಡು ಗೋಲು ಹೊಡೆದ. ಸ್ತೊಯಿಚ್ಕೊವ್ ಪೆನಾಲ್ಟಿಯಲ್ಲಿ ಒಂದು ಹಿಂತಿರುಗಿಸಿದ. ಇನ್ನೊಂದು ಪೆನಾಲ್ಟಿ ಕೊಡಬೇಕಿತ್ತು, ಕೊಡಲಿಲ್ಲ ಅಂತ ಬಲ್ಗೇರಿಯದವರು ಇವತ್ತಿಗೂ ಆ ಫ್ರೆಂಚ್ ರೆಫರಿಯನ್ನು ಕ್ಷಮಿಸಿಲ್ಲ. 1-2. ಮೂರನೇ ಸ್ಥಾನದ ಪಂದ್ಯದಲ್ಲಿ ಸ್ವೀಡನ್ ನಲವತ್ತು ನಿಮಿಷದೊಳಗೆ ನಾಲ್ಕು ಗೋಲು ಹೊಡೆಯಿತು. ಶಿಬಿರದ ಸಡಿಲಿಕೆಯ ಇನ್ನೊಂದು ಮುಖ ಅಲ್ಲಿ ಕಂಡಿತು ಅಂತಲೂ ಹೇಳಬಹುದು. ಕಾಲಿನಲ್ಲಿ ಏನೂ ಉಳಿದಿರಲಿಲ್ಲ. ಆದರೂ ನಾಲ್ಕನೇ ಸ್ಥಾನ. ಸ್ತೊಯಿಚ್ಕೊವ್ ಆರು ಗೋಲು ಹೊಡೆದು ರಷ್ಯಾದ ಸಲೆಂಕೊ ಜೊತೆ ಗೋಲ್ಡನ್ ಬೂಟ್ ಹಂಚಿಕೊಂಡ, ಯುರೋಪಿನ ವರ್ಷದ ಆಟಗಾರನಿಗೆ ಕೊಡುತ್ತಿದ್ದ ಬ್ಯಾಲನ್ ಡಿ'ಓರ್ ಕೂಡ ಆ ವರ್ಷ ಅವನದೇ.

ಲ್ಯೂಬೊಸ್ಲಾವ್ ಗುಣವಾಗಿ ಬಂದ. ಬಂದ ಅಂದರೆ ಸುಮ್ನೆ ಬಂದದ್ದಲ್ಲ. 1995ರಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್ ಸೇರಿ 1996ರಲ್ಲಿ ಲೀಗೂ ಕಪ್ಪೂ ಎರಡನ್ನೂ ಗೆದ್ದ. ಅದೇ ಬೇಸಿಗೆ ಇಂಗ್ಲೆಂಡಿನ ಯೂರೊ ಕಪ್ಪಿಗೆ ಚಿಕ್ಕಪ್ಪನ ತಂಡದಲ್ಲಿ ಹೊರಟ. ಬಲ್ಗೇರಿಯಕ್ಕೆ ಅದು ಮೊದಲ ಯೂರೊ. ಸ್ಪೇನ್ ಜೊತೆ 1-1. ರೊಮೇನಿಯಾ ಎದುರು 1-0, ಅಲ್ಲಿ ಮುಂಟೆಯಾನು ಹೊಡೆದ ಚೆಂಡು ಗೆರೆ ದಾಟಿದ್ದರೂ ರೆಫರಿ ಗೋಲು ಕೊಡಲಿಲ್ಲ, ಇದು ಇಟಲಿ ಪಂದ್ಯದ ಲೆಕ್ಕಕ್ಕೆ ಎದುರು ಇಡಬೇಕಾದದ್ದು. ಮೂರನೇ ಪಂದ್ಯ ನ್ಯೂಕಾಸಲ್‌ನಲ್ಲಿ, ಎದುರಿಗೆ ಮತ್ತೆ ಫ್ರಾನ್ಸ್.

63ನೇ ನಿಮಿಷದಲ್ಲಿ ಲ್ಯೂಬೊಸ್ಲಾವ್‌ನಿಂದ ಸೇಮ್‌ಸೈಡ್ ಗೋಲಾಯಿತು. ಪ್ಯಾರಿಸ್ಸಿನಲ್ಲಿ ಫ್ರಾನ್ಸನ್ನು ಹೊರಗೆ ಹಾಕಿದ ಪಾಸ್ ಕೊಟ್ಟವನ ತಲೆಯಿಂದಲೇ ಫ್ರಾನ್ಸಿಗೆ ಗೋಲು. ಪಂದ್ಯ 1-3ಕ್ಕೆ ಮುಗಿಯಿತು, ಬಲ್ಗೇರಿಯ ಹೊರಗೆ ಬಿತ್ತು, ದಿಮಿತರ್ ಪೆನೆವ್ ಅವರ ಕೋಚ್ ಕೆಲಸವೂ ಮುಗಿಯಿತು. ಎರಡು ವರ್ಷ ಹಿಂದೆ ನಾಲ್ಕನೆಯವರಾಗಿ ಬಂದಾಗ ಹೊತ್ತು ಮೆರೆಸಿದ ದೇಶ ಅವರನ್ನು ಬಹಳ ಬೇಗ ಕಳಿಸಿತು. ನನಗೆ ಅದು ನೋವು ಕೊಡುತ್ತದೆ. 1998ರಲ್ಲಿ ಅದೇ ಆಟಗಾರರಲ್ಲಿ ಹಲವರು ಬೇರೆ ಕೋಚ್ ಜೊತೆ ಫ್ರಾನ್ಸಿಗೆ ಹೋಗಿ ಸ್ಪೇನ್ ಎದುರು 1-6 ಸೋತು ಬಂದರು. ಆಮೇಲೆ ಬಲ್ಗೇರಿಯ 2022ರವರೆಗೂ ಒಂದೂ ವಿಶ್ವಕಪ್ ಆಡಲಿಲ್ಲ.

ಆ ತಂಡದ ಎಷ್ಟೋ ಜನ ಮುಂದೆ ತಾವೇ ಕೋಚ್ ಆದರು. ಸ್ತೊಯಿಚ್ಕೊವ್ 2004ರಲ್ಲಿ ರಾಷ್ಟ್ರೀಯ ತಂಡ ಹಿಡಿದ. ಆಟಗಾರನಾಗಿ ಅವನಷ್ಟು ಎತ್ತರ ಆ ದೇಶದಲ್ಲಿ ಇನ್ನೊಬ್ಬನಿಲ್ಲ. ಆದರೆ ಆಟಗಾರರ ಜೊತೆ ಹೊಂದಿಕೆಯಾಗಲಿಲ್ಲ, ನಾಯಕ ಸ್ತಿಲಿಯಾನ್ ಪೆತ್ರೊವ್ ಅವನ ಕೆಳಗೆ ಆಡುವುದಿಲ್ಲ ಅಂದುಬಿಟ್ಟ. 2007ರ ವಸಂತದಲ್ಲಿ ಬಿಟ್ಟು ಹೋದ. ಆ ವರ್ಷ ಕೆಲಕಾಲ ತಂಡವನ್ನು ನೋಡಿಕೊಳ್ಳಲು ಕರೆದದ್ದು ಯಾರನ್ನು ಗೊತ್ತಾ? ಅರವತ್ತೆರಡು ವರ್ಷದ ಪೆನೆವ್ ಅವರನ್ನೇ.

ಮರುವರ್ಷ, 2008ರಲ್ಲಿ, ಸಿಎಸ್‌ಕೆಎ ಲೀಗ್ ಗೆದ್ದೂ ಯುರೋಪಿಗೆ ಹೋಗುವ ಲೈಸೆನ್ಸ್ ಕಳೆದುಕೊಂಡಿತು. ಹಣವಿಲ್ಲ, ಆಟಗಾರರು ಬಿಟ್ಟು ಹೋಗುತ್ತಿದ್ದಾರೆ, ಕೋಚ್ ಹೋಗಿಯಾಗಿತ್ತು. ಮತ್ತೆ ಅವರನ್ನೇ ಕರೆದರು. 1985ರ ಹಾಗೆಯೇ, ಮನೆ ಬಿದ್ದಾಗ ಹಿರಿಯರನ್ನು ಕರೆಯುವ ಹಾಗೆ. ಉಳಿದ ಹುಡುಗರನ್ನು ಕಟ್ಟಿಕೊಂಡು ಲಿತೆಕ್ಸ್ ಕ್ಲಬ್ ಎದುರು ಸೂಪರ್ ಕಪ್ ಗೆದ್ದರು.

2009ರ ಮಾರ್ಚಿನಲ್ಲಿ ಕ್ಲಬ್ ಕೋಚ್ ಬದಲಾಯಿಸಿತು. ದಿಮಿತರ್ ಪೆನೆವ್ ಎದ್ದ ಜಾಗಕ್ಕೆ ಬಂದದ್ದು ಲ್ಯೂಬೊಸ್ಲಾವ್ ಪೆನೆವ್. ಅದೇ ಮೈದಾನ, ಅದೇ ಬೆಂಚು. ಚಿಕ್ಕಪ್ಪ ಮೊದಲ ಸಲ ಸಿಎಸ್‌ಕೆಎ ಅಂಗಿ ತೊಟ್ಟು ಅಲ್ಲಿಗೆ ಇಳಿದು ಹತ್ತಿರ ಹತ್ತಿರ ನಲವತ್ತೈದು ವರ್ಷವಾಗಿತ್ತು. ಎರಡು ವರ್ಷ ಬಿಟ್ಟು, 2011ರಲ್ಲಿ, ರಾಷ್ಟ್ರೀಯ ತಂಡದ ಬೆಂಚೂ ಲ್ಯೂಬೊಸ್ಲಾವ್‌ಗೆ ಬಂತು.